ಹಡಗು ಹತ್ತುವ ಮುಂಚೆ: ಬುಡಾಪೆಸ್ಟಿನ ಸೇತುವೆಗಳ ಮೇಲೆ

ದಿನ 1, ಬುಡಾಪೆಸ್ಟ್

ಡ್ಯಾನ್ಯೂಬ್ ನದಿಯ ಹಡಗು ಪ್ರವಾಸಕ್ಕೆ ಹೊರಟವರು ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವ ಮಾತು ಒಂದೇ. ಹಡಗು ಹತ್ತುವ ದಿನ ಬಂದು ಇಳಿಯಬೇಡಿ, ಹಿಂದಿನ ದಿನವೇ ಬನ್ನಿ. ವಿಮಾನ ತಡವಾದರೆ, ಸೂಟ್‌ಕೇಸ್ ಬರದಿದ್ದರೆ ಏನು ಗತಿ ಅನ್ನುವುದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣ ಈ ಊರಿನ ಸೇತುವೆಗಳು. ರಾತ್ರಿ ಹಡಗಿನ ಮಹಡಿಯಲ್ಲಿ ನಿಂತರೆ ಅವು ದೀಪದ ಸಾಲಾಗಿ ತಲೆಯ ಮೇಲೆ ಹಾದು ಹೋಗುತ್ತವೆ. ಎಲ್ಲರೂ ಫೋಟೊ ತೆಗೆಯುತ್ತಾರೆ, ಅಷ್ಟರಲ್ಲಿ ಮುಗಿದೇ ಹೋಗುತ್ತದೆ. ಹಗಲು ಹೊತ್ತಿನಲ್ಲಿ ಅವುಗಳ ಮೇಲೆ ನಡೆದು, ಅವಕ್ಕೆ ಏನೇನಾಯಿತು ಅಂತ ತಿಳಿದುಕೊಂಡಿದ್ದರೆ ಆ ದೀಪಗಳನ್ನು ನೋಡುವ ರೀತಿಯೇ ಬೇರೆ.

ನಾವು ನಾಲ್ವರು. ನಾನು, ನಮ್ಮವರು, ಅಕ್ಕ, ಭಾವ. ಭಾವ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಬೆಂಗಳೂರಿನಿಂದ ಬುಡಾಪೆಸ್ಟಿಗೆ ನೇರ ವಿಮಾನ ಇಲ್ಲ. ಕೊಲ್ಲಿಯ ಕಡೆಯಿಂದ ವಿಮಾನ ಬದಲಿಸಿಕೊಂಡು ಮೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಂದಿಳಿದೆವು. ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು.

ವಿಮಾನ ನಿಲ್ದಾಣಕ್ಕೆ ಸಂಗೀತಗಾರ ಫೆರೆನ್ಸ್ ಲಿಸ್ಟ್ ಅವರ ಹೆಸರಿದೆ. ಹೊರಗೆ ಬಂದ ಕೂಡಲೇ 100ಇ ಬಸ್ ಸಿಗುತ್ತದೆ. ಅದಕ್ಕೆ ಬೇರೆಯದೇ ಟಿಕೆಟ್, ಊರೊಳಗಿನ ದಿನದ ಪಾಸ್ ನಡೆಯುವುದಿಲ್ಲ. ಕಾಲ್ವಿನ್ ಚೌಕದಲ್ಲಿ ಇಳಿದರೆ ನಮ್ಮ ಹೋಟೆಲ್ ಹತ್ತಿರ. ದುಡ್ಡಿನ ವಿಷಯ ಒಂದು ಹೇಳಿಬಿಡುತ್ತೇನೆ. ಹಂಗೆರಿ 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿದೆ, ಆದರೆ ಅಲ್ಲಿ ನಡೆಯುವುದು ಫೋರಿಂಟ್. ಕೆಲವು ಅಂಗಡಿಗಳಲ್ಲಿ ಯುರೋ ತೆಗೆದುಕೊಳ್ಳುತ್ತಾರೆ, ಲೆಕ್ಕ ಮಾತ್ರ ನಮಗೆ ನಷ್ಟ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಯಂತ್ರವು ರೂಪಾಯಿಯಲ್ಲಾ ಫೋರಿಂಟಿನಲ್ಲಾ ಅಂತ ಕೇಳಿದರೆ ಫೋರಿಂಟ್ ಅಂತಲೇ ಒತ್ತಿ.

ರೂಮು ಸಿಗುವುದು ಮೂರು ಗಂಟೆಗೆ ಅಂದರು. ಸಾಮಾನನ್ನು ಹೋಟೆಲಿನಲ್ಲೇ ಬಿಟ್ಟು, ಮುಖ ತೊಳೆದು, ನಡೆದುಕೊಂಡು ಹೊರಟೆವು. ನಿದ್ದೆ ಬರುತ್ತಿತ್ತು ನಿಜ. ಆದರೆ ಇಂಥ ದಿನ ಹಗಲು ಮಲಗಿದರೆ ರಾತ್ರಿ ಎಚ್ಚರ, ಅಲ್ವಾ? ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ಬಿಸಿಲು ಮೃದುವಾಗಿತ್ತು, ಗಾಳಿ ತಣ್ಣಗಿತ್ತು.

ಹತ್ತಿರದಲ್ಲೇ ಇದ್ದದ್ದು ದೊಡ್ಡ ಮಾರುಕಟ್ಟೆ. 1897ರಲ್ಲಿ ತೆರೆದ ಕಟ್ಟಡ, ವಾಸ್ತುಶಿಲ್ಪಿ ಶಾಮು ಪೆಟ್ಸ್. ಚಾವಣಿಯ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ ಹೊಳೆಯುವ ಹೆಂಚುಗಳು. ಪೇಚ್ ಎಂಬ ಊರಿನ ಝೋಲ್ನೈ ಕಾರ್ಖಾನೆಯವು. ಒಳಗೆ ಹೋದರೆ ಕಬ್ಬಿಣದ ಕಂಬಗಳು, ಎತ್ತರದ ಗಾಜು, ರೈಲು ನಿಲ್ದಾಣದಷ್ಟು ಜಾಗ. ಕೆಳಗಿನ ಮಹಡಿಯಲ್ಲಿ ತರಕಾರಿ, ಹಣ್ಣು, ಮಾಂಸ. ಮೇ ತಿಂಗಳಾದ್ದರಿಂದ ಸ್ಟ್ರಾಬೆರಿ ರಾಶಿ ರಾಶಿ ಇತ್ತು. ಅದರ ಜತೆಗೆ ಎಲ್ಲೆಲ್ಲೂ ಪಪ್ರಿಕಾ, ಅಂದರೆ ಕೆಂಪು ಮೆಣಸಿನ ಪುಡಿ. ಮಾಲೆ ಕಟ್ಟಿ ತೂಗುಹಾಕಿದ ಒಣಮೆಣಸಿನಕಾಯಿ ನೋಡಿ ಅಕ್ಕ ಅಲ್ಲೇ ನಿಂತುಬಿಟ್ಟಳು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆಯೇ, ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿಯಿಂದ ತೆಗೆದ ಬಣ್ಣ ಹೊರದೇಶಗಳಿಗೆ ಹೋಗುತ್ತದೆ ಅಂತ ಗೊತ್ತಿದ್ದ ಅಕ್ಕನಿಗೆ ಇದು ನೆಂಟರ ಮನೆ ಸಿಕ್ಕಿದಷ್ಟು ಖುಷಿ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ನಮಗೆ ಅದು ಪೋರ್ಚುಗೀಸರ ಕೈಯಿಂದ ಬಂತು, ಹಂಗೆರಿಗೆ ತುರ್ಕರ ಕಾಲದಲ್ಲಿ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಆಲ್ಬರ್ಟ್ ಸೆಂಟ್ ಜಾರ್ಜಿ ಎಂಬ ಹಂಗೆರಿಯ ವಿಜ್ಞಾನಿ ಸೆಗೆಡ್ ಊರಿನ ಮೆಣಸಿನಕಾಯಿಯಿಂದಲೇ ಸಿ ವಿಟಮಿನ್ನನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಬಂತು. ಡಬ್ಬದ ಮೇಲೆ ಎದೇಶ್ ಅಂತ ಬರೆದಿದ್ದರೆ ಸಪ್ಪೆ, ಚೀಪೋಶ್ ಅಂತ ಇದ್ದರೆ ಖಾರ. ಅಕ್ಕ ಎರಡೂ ತೆಗೆದುಕೊಂಡಳು.

ಊಟ ಮೇಲಿನ ಮಹಡಿಯಲ್ಲಿ. ಸಸ್ಯಾಹಾರಿಗಳಿಗೆ ಅಲ್ಲಿ ಧೈರ್ಯವಾಗಿ ಸಿಗುವುದು ಲಾಂಗೋಶ್. ಹುದುಗಿಸಿದ ಹಿಟ್ಟನ್ನು ತಟ್ಟಿ ಎಣ್ಣೆಯಲ್ಲಿ ಕರಿಯುತ್ತಾರೆ. ಬಿಸಿ ಬಿಸಿಯಾಗಿ ಬೆಳ್ಳುಳ್ಳಿ ಸವರಿ, ಹುಳಿ ಕೆನೆ ಹಚ್ಚಿ, ಮೇಲೆ ತುರಿದ ಚೀಸ್ ಉದುರಿಸುತ್ತಾರೆ. ಒಂದನ್ನು ಇಬ್ಬರು ತಿಂದರೂ ಹೊಟ್ಟೆ ತುಂಬುತ್ತದೆ. ಕರಿಯುವ ಎಣ್ಣೆ ಯಾವುದು ಅಂತ ಕೇಳುವುದು ಒಳ್ಳೆಯದು, ಹಂಗೆರಿಯ ಅಡುಗೆಯಲ್ಲಿ ಹಂದಿಯ ಕೊಬ್ಬು ಸಾಮಾನ್ಯ. ಹುರುಳಿಕಾಯಿ ಸೂಪು, ಕಾಳಿನ ಸೂಪು ಅಂತ ಬರೆದಿದ್ದರೂ ಒಳಗೆ ಹೊಗೆ ಹಾಕಿದ ಮಾಂಸ ಇರುವುದುಂಟು. ನಮ್ಮವರು ತಣ್ಣನೆಯ ಹುಳಿ ಚೆರ್ರಿ ಸೂಪು ಕುಡಿದರು. ಸಿಹಿ, ಹುಳಿ, ಕೆನೆ ಎಲ್ಲ ಇರುವ ಅದನ್ನು ಅಲ್ಲಿಯವರು ಊಟದ ಮೊದಲಿಗೇ ಕುಡಿಯುತ್ತಾರೆ. ಭಾನುವಾರ ಈ ಮಾರುಕಟ್ಟೆಗೆ ರಜ. ಶನಿವಾರ ಬಂದು ಭಾನುವಾರ ಹಡಗು ಹತ್ತುವವರು ಇದನ್ನು ನೆನಪಿಟ್ಟುಕೊಳ್ಳಿ.

ಮಾರುಕಟ್ಟೆಯ ಬಾಗಿಲು ದಾಟಿದರೆ ಎದುರಿಗೇ ಡ್ಯಾನ್ಯೂಬ್. ಅಲ್ಲಿಯವರು ದುನಾ ಅನ್ನುತ್ತಾರೆ. ನೀರಿನ ಬಣ್ಣ ನೀಲಿಯಲ್ಲ, ಹಸಿರು ಬೆರೆತ ಕಂದು. ಜೋರಾಗಿ ಹರಿಯುತ್ತದೆ. ಜರ್ಮನಿಯ ಕಪ್ಪು ಕಾಡಿನಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ, ಸುಮಾರು 2850 ಕಿಲೋಮೀಟರ್ ಹರಿದು ಕಪ್ಪು ಸಮುದ್ರ ಸೇರುವ ನದಿ. ಇದರ ಕಿಲೋಮೀಟರ್ ಲೆಕ್ಕ ಹುಟ್ಟಿದ ಕಡೆಯಿಂದ ಅಲ್ಲ, ಸಮುದ್ರದ ಕಡೆಯಿಂದ. ರೊಮೇನಿಯಾದ ಸುಲೀನಾ ಊರಿನಲ್ಲಿ ಸೊನ್ನೆ. ಅಲ್ಲಿಂದ ಮೇಲಕ್ಕೆ ಎಣಿಸುತ್ತಾ ಬಂದರೆ ಬುಡಾಪೆಸ್ಟ್ ಹತ್ತಿರ ಹತ್ತಿರ 1650. ನಮ್ಮ ಹಡಗು ಇಲ್ಲಿಂದ ಮೇಲಕ್ಕೆ, ಬ್ರಾಟಿಸ್ಲಾವಾ, ವಿಯೆನ್ನಾ ದಾಟಿ ಜರ್ಮನಿಯ ಪಸ್ಸೌವರೆಗೆ ಹೋಗಬೇಕು. ದಿನವೂ ಆ ಸಂಖ್ಯೆ ಏರುತ್ತಲೇ ಹೋಗುತ್ತದೆ.

ಮಾರುಕಟ್ಟೆಯ ಪಕ್ಕದ ಹಸಿರು ಸೇತುವೆ ಲಿಬರ್ಟಿ ಬ್ರಿಜ್. ನಾವು ಕಾಲಿಟ್ಟ ಮೊದಲ ಸೇತುವೆ. ಪೂರ್ತಿ ಕಬ್ಬಿಣ. ತುದಿಯ ನಾಲ್ಕು ಕಂಬಗಳ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನಂಥ ಹಕ್ಕಿ, ಹಂಗೆರಿಯವರ ಪುರಾಣದ ತುರುಲ್. 1896ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಬಂದು ಉದ್ಘಾಟಿಸಿದ. ಆಗ ಅವನ ಹೆಸರೇ ಸೇತುವೆಗೂ ಇತ್ತು. ನಡುವೆ ಹಳದಿ ಟ್ರಾಮ್ ಹೋಗುತ್ತದೆ. ಹುಡುಗ ಹುಡುಗಿಯರು ಅಗಲವಾದ ಕಬ್ಬಿಣದ ತೊಲೆಗಳ ಮೇಲೆ ಕೂತು ಹರಟುತ್ತಿದ್ದರು.

ಭಾವ ಒಂದೊಂದು ರಿವೆಟ್ಟನ್ನೂ ಮುಟ್ಟಿ ನೋಡುತ್ತಾ ನಿಧಾನವಾಗಿ ಬಂದರು. ಸೇತುವೆಯ ನಡುವೆ ನಿಂತು ಅವರು ಹೇಳಿದ್ದು ಕೇಳಿದ ಮೇಲೆ ನಮಗೂ ಕಬ್ಬಿಣ ಬೇರೆಯಾಗಿ ಕಂಡಿತು. 1945ರ ಫೆಬ್ರುವರಿ ಬರುವಷ್ಟರಲ್ಲಿ ಈ ಊರಿನಲ್ಲಿ ಪಶ್ಚಿಮ ದಡದ ಬುಡಾ ಮತ್ತು ಪೂರ್ವ ದಡದ ಪೆಸ್ಟ್ ಎರಡನ್ನೂ ಸೇರಿಸುವ ಒಂದೇ ಒಂದು ಸೇತುವೆಯೂ ನಿಂತಿರಲಿಲ್ಲ. ಮಾರ್ಗರೆಟ್ ಸೇತುವೆ 1944ರ ನವೆಂಬರಿನಲ್ಲಿ ಹಾಡುಹಗಲೇ ಸಿಡಿಯಿತು. ಜರ್ಮನ್ನರು ಅದಕ್ಕೆ ಕಟ್ಟಿದ್ದ ಸಿಡಿಮದ್ದು ಹೊತ್ತಿಕೊಂಡಾಗ ಮೇಲೆ ಟ್ರಾಮುಗಳಿದ್ದವು, ಜನರಿದ್ದರು. ಉಳಿದವುಗಳನ್ನು ಜರ್ಮನ್ ಸೇನೆ ಹಿಂದೆ ಸರಿಯುವಾಗ ಬೇಕೆಂದೇ ಉರುಳಿಸಿತು. ಸೋವಿಯತ್ ಸೇನೆಯ ಮುತ್ತಿಗೆ ಫೆಬ್ರುವರಿ 13ರಂದು ಮುಗಿದಾಗ ನದಿಯ ತುಂಬಾ ಮುರಿದ ಕಬ್ಬಿಣ. ಹಳೇ ಸೇತುವೆಗಳಲ್ಲಿ ಮೊದಲು ಎದ್ದು ನಿಂತದ್ದು ನಾವು ನಿಂತಿದ್ದ ಈ ಹಸಿರು ಸೇತುವೆಯೇ, 1946ರಲ್ಲಿ. ಅಲ್ಲಿಂದ ಮುಂದೆ ನಮ್ಮ ಇಡೀ ದಿನ ಸೇತುವೆಗಳ ಹಿಂದೆಯೇ ಹೋಯಿತು.

ಬುಡಾ ಕಡೆ ಇಳಿದರೆ ಗೆಲ್ಲೇರ್ಟ್ ಬೆಟ್ಟ. ಇಲ್ಲಿ ನದಿ ಕಿರಿದು, 300 ಮೀಟರಿಗೂ ಕಡಿಮೆ. ಅದಕ್ಕೇ ನೀರಿಗೆ ಅಷ್ಟು ರಭಸ. ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಊರಿನಲ್ಲಿ ಅಂಥವು ನೂರಕ್ಕೂ ಜಾಸ್ತಿ. ತುರ್ಕರು 1541ರಿಂದ 1686ರವರೆಗೆ ಬುಡಾವನ್ನು ಆಳಿದಾಗ ಕಟ್ಟಿಸಿದ ರುದಾಸ್ ಸ್ನಾನಗೃಹದಲ್ಲಿ ಜನ ಇವತ್ತಿಗೂ ಮೀಯುತ್ತಾರೆ. ನಾವು ಬೆಟ್ಟ ಹತ್ತಲಿಲ್ಲ, ಸ್ನಾನಕ್ಕೂ ಹೋಗಲಿಲ್ಲ. ಮೊದಲ ದಿನ ಎಲ್ಲವನ್ನೂ ತುರುಕುವುದು ಬೇಡ ಅಂತ ನಮ್ಮ ನಿಯಮ.

ದಡದುದ್ದಕ್ಕೂ ಟ್ರಾಮಿನಲ್ಲಿ ಹೋದೆವು. ಎಡಕ್ಕೆ ಬೆಟ್ಟ, ಬಲಕ್ಕೆ ನದಿ. ಬಿಳಿಯ ಎಲಿಜಬೆತ್ ಸೇತುವೆ ದಾಟುವಾಗ ಭಾವ ಕಿಟಕಿಗೆ ಅಂಟಿಕೊಂಡಿದ್ದರು. 1903ರ ಮೂಲ ಸೇತುವೆ ಸರಪಳಿಯದು. ಯುದ್ಧದ ನಂತರ ಹಳೇ ರೂಪದಲ್ಲಿ ಎತ್ತಿ ನಿಲ್ಲಿಸದೆ ಬಿಟ್ಟದ್ದು ಇದೊಂದನ್ನೇ. 1964ರಲ್ಲಿ ಅದೇ ಜಾಗದಲ್ಲಿ ಉಕ್ಕಿನ ತಂತಿಯ ಹೊಸ ಸೇತುವೆ ಕಟ್ಟಿದರು. ಅಲಂಕಾರ ಒಂದೂ ಇಲ್ಲ. ನೀರೊಳಗೆ ಕಾಲೂ ಇಲ್ಲ, ಒಂದೇ ಜಿಗಿತಕ್ಕೆ 290 ಮೀಟರ್. ನನಗೆ ಹಸಿರು ಸೇತುವೆ ಇಷ್ಟ, ಭಾವನಿಗೆ ಇದು. ಇಬ್ಬರೂ ಪಟ್ಟು ಬಿಡಲಿಲ್ಲ.

ಬುಡಾ ದಡದಲ್ಲಿ ಸಂಸತ್ ಭವನದ ಎದುರು ಕಡೆ, ಬಣ್ಣದ ಹೆಂಚಿನ ಒಂದು ಚರ್ಚ್ ಇರುವ ಸಣ್ಣ ಚೌಕ ಸಿಗುತ್ತದೆ. ಚರ್ಚ್ ಕಟ್ಟಿದ್ದೂ ಮಾರುಕಟ್ಟೆ ಕಟ್ಟಿದ ಶಾಮು ಪೆಟ್ಸ್ ಅವರೇ. ನಾನು ಅಲ್ಲಿಗೆ ಹೋಗಲೇಬೇಕು ಅಂದುಕೊಂಡಿದ್ದು ಚರ್ಚಿಗಾಗಿ ಅಲ್ಲ. ಈ ಬುಡಾ ಕಡೆಯಲ್ಲೇ 1913ರ ಜನವರಿ 30ರಂದು ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದರು. ತಂದೆ ಪಂಜಾಬಿನ ಸಿಖ್, ತಾಯಿ ಹಂಗೆರಿಯ ಹಾಡುಗಾರ್ತಿ. ಮೊದಲ ಮಹಾಯುದ್ಧ ಶುರುವಾಗಿ ಸಂಸಾರ ಹಂಗೆರಿಯಲ್ಲೇ ಉಳಿಯಿತು, 1921ರಲ್ಲಿ ಶಿಮ್ಲಾಕ್ಕೆ ಬಂತು. ಪ್ಯಾರಿಸ್ಸಿನಲ್ಲಿ ಕಲಿತ ಆಕೆ ಆಮೇಲೆ ಅಜಂತಾ ನೋಡಿದರು, ದಕ್ಷಿಣ ಭಾರತ ಸುತ್ತಿದರು. ಅದರ ನಂತರ 1937ರಲ್ಲಿ ಬರೆದ ಬ್ರಹ್ಮಚಾರಿಗಳ ಚಿತ್ರ, ಸಂತೆಗೆ ಹೊರಟ ಹಳ್ಳಿ ಜನರ ಚಿತ್ರ ನೋಡಿದವರಿಗೆ ಆ ಕಂದು, ಕೆಂಪು, ಬಿಳಿ ಬಣ್ಣಗಳು ಮರೆಯುವುದಿಲ್ಲ. 28 ವರ್ಷಕ್ಕೇ ಲಾಹೋರಿನಲ್ಲಿ ತೀರಿಕೊಂಡರು. ನಮ್ಮ ದೇಶದ ಚಿತ್ರಕಲೆಯನ್ನೇ ತಿರುಗಿಸಿದ ಒಬ್ಬ ಹೆಣ್ಣುಮಗಳು ಈ ನದಿಯ ಗಾಳಿಯಲ್ಲಿ ಕಣ್ಣು ಬಿಟ್ಟಳು ಅನ್ನುವುದು ನನಗೆ ದೊಡ್ಡ ವಿಷಯ. ಕಾಲೇಜಿನ ದಿನದಿಂದ ನನಗೆ ಆಕೆಯ ಚಿತ್ರಗಳ ಹುಚ್ಚು. ಆ ಬೀದಿಯಲ್ಲಿ ಸುಮ್ನೆ ಒಂದಷ್ಟು ಹೊತ್ತು ಅಡ್ಡಾಡಿದೆವು.

ಅಲ್ಲಿಂದ ನದಿಯಾಚೆ ನೋಡಿದರೆ ಸಂಸತ್ ಭವನದ ಪೂರ್ತಿ ಮೈ ಕಾಣುತ್ತದೆ. ಪೆಸ್ಟ್ ಕಡೆಯಿಂದ ನೋಡಿದರೆ ಅದು ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಉದ್ದ 268 ಮೀಟರ್, ಗುಮ್ಮಟದ ಎತ್ತರ 96 ಮೀಟರ್. ಹಂಗೆರಿಯವರ ಪೂರ್ವಜರಾದ ಮಗ್ಯಾರ್ ಜನ ಈ ಬಯಲಿಗೆ ಬಂದು ನೆಲೆಸಿದ್ದು 896ರಲ್ಲಿ ಅಂತ ಅವರ ಲೆಕ್ಕ. ಅದಕ್ಕೇ ಆ 96. ಸಂತ ಸ್ಟೀಫನ್ ಬೆಸಿಲಿಕಾದ ಎತ್ತರವೂ ಅಷ್ಟೇ. ವಾಸ್ತುಶಿಲ್ಪಿ ಇಮ್ರೆ ಸ್ಟೈಂಡ್ಲ್ ಕಟ್ಟಡ ಮುಗಿಯುವ ಮುಂಚೆಯೇ ಕಣ್ಣು ಕಳೆದುಕೊಂಡರು. 1902ರಲ್ಲಿ ಸಂಸತ್ತು ಅಲ್ಲಿ ಸೇರುವ ಹೊತ್ತಿಗೆ ಅವರೇ ಇರಲಿಲ್ಲ.

ಮೆಟ್ರೊ ಹಿಡಿದು ನದಿಯ ಕೆಳಗಿಂದಲೇ ಆಚೆ ದಡಕ್ಕೆ ಬಂದೆವು. ಎಸ್ಕಲೇಟರ್ ಬಹಳ ಆಳ, ಬಹಳ ವೇಗ. ಅಕ್ಕನ ಕೈ ಹಿಡಿದುಕೊಂಡೇ ಇಳಿಸಿದೆವು.

ಸಂಸತ್ ಭವನದಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ನೀರಿನ ಅಂಚಿನ ಕಲ್ಲಿನ ಮೇಲೆ, ಕಬ್ಬಿಣದ ಬೂಟುಗಳಿವೆ. 60 ಜೊತೆ. ಗಂಡಸರ ಬೂಟು, ಹೆಂಗಸರ ಹಿಮ್ಮಡಿ ಚಪ್ಪಲಿ, ಮಕ್ಕಳ ಪುಟ್ಟ ಬೂಟು. ಯಾರೋ ಈಗತಾನೇ ಬಿಚ್ಚಿಟ್ಟು ಹೋದ ಹಾಗೆ ಅಡ್ಡಾದಿಡ್ಡಿಯಾಗಿ ಇವೆ. 1944ರ ಕೊನೆ, 1945ರ ಶುರುವಿನಲ್ಲಿ ಆ್ಯರೋ ಕ್ರಾಸ್ ಎಂಬ ಹಂಗೆರಿಯ ನಾಜಿ ಪಕ್ಷದವರು ಯಹೂದಿಗಳನ್ನು ಈ ದಡಕ್ಕೆ ತಂದು, ಬೂಟು ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸುತ್ತಿದ್ದರು. ಯುದ್ಧಕಾಲದಲ್ಲಿ ಬೂಟಿಗೆ ಬೆಲೆ ಇತ್ತು, ಅದನ್ನು ತೊಟ್ಟಿದ್ದವರಿಗೆ ಇರಲಿಲ್ಲ. 2005ರಲ್ಲಿ ಚಾನ್ ತೊಗಾಯ್ ಎಂಬ ಚಲನಚಿತ್ರ ನಿರ್ದೇಶಕರು ಶಿಲ್ಪಿ ಜ್ಯೂಲಾ ಪೌವರ್ ಜತೆ ಸೇರಿ ಈ ಸ್ಮಾರಕ ಮಾಡಿದರು. ಕೆಲವು ಬೂಟುಗಳೊಳಗೆ ಹೂವು, ಕಲ್ಲು, ಮೇಣದಬತ್ತಿ ಇಟ್ಟಿದ್ದರು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಮಕ್ಕಳ ಬೂಟಿನ ಹತ್ತಿರ ಕೂತು ಅತ್ತಳು. ಪಕ್ಕದಲ್ಲೇ ಒಬ್ಬರು ಆ ಬೂಟುಗಳ ನಡುವೆ ತಮ್ಮ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಹಡಗಿನಿಂದ ಈ ಬೂಟುಗಳು ಕಾಣುವುದೇ ಕಷ್ಟ. ರಾತ್ರಿಯಂತೂ ಸಂಸತ್ ಭವನದ ಚಿನ್ನದ ಬೆಳಕಿನ ಮುಂದೆ ಯಾರ ಕಣ್ಣೂ ಅಷ್ಟು ಕೆಳಗೆ ಹೋಗುವುದಿಲ್ಲ. ಕಾಲ್ನಡಿಗೆಯಲ್ಲೇ ಬರಬೇಕು.

ಅದೇ ದಡದಲ್ಲಿ ದಕ್ಷಿಣಕ್ಕೆ ನಡೆಯುತ್ತಾ ಚೈನ್ ಬ್ರಿಜ್ ತಲುಪಿದಾಗ ಸೂರ್ಯ ಬುಡಾ ಬೆಟ್ಟದ ಹಿಂದೆ ಇಳಿಯುತ್ತಿದ್ದ. ಇದು ಇಲ್ಲಿಯ ಮೊದಲ ಶಾಶ್ವತ ಸೇತುವೆ, 1849ರದು. ಅದಕ್ಕೂ ಮುಂಚೆ ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ಸೇತುವೆ ಇತ್ತು. ಚಳಿಗಾಲದಲ್ಲಿ ಮಂಜುಗಡ್ಡೆ ಬಂದರೆ ಅದನ್ನು ತೆಗೆದುಬಿಡುತ್ತಿದ್ದರು. ಇಶ್ತ್ವಾನ್ ಸೆಚೇನಿ ಎಂಬ ಕೌಂಟ್ (ಕುಲೀನರ ಒಂದು ಪದವಿ) 1820ರ ಚಳಿಗಾಲದಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದರೂ ನದಿ ದಾಟಲಾಗದೆ ಒಂದು ವಾರ ಕಾದನಂತೆ. ಆಗಲೇ ಸೇತುವೆಯ ಯೋಚನೆ ಹುಟ್ಟಿತು ಅಂತ ಹೇಳುತ್ತಾರೆ. ವಿನ್ಯಾಸ ಇಂಗ್ಲೆಂಡಿನ ವಿಲಿಯಂ ಟಿಯರ್ನಿ ಕ್ಲಾರ್ಕ್ ಅವರದು. ನಿಂತು ಕಟ್ಟಿಸಿದ್ದು ಸ್ಕಾಟ್ಲೆಂಡಿನ ಆ್ಯಡಂ ಕ್ಲಾರ್ಕ್. ಹೆಸರು ಒಂದೇ ಆದರೂ ಇಬ್ಬರೂ ನೆಂಟರಲ್ಲ. ಆ್ಯಡಂ ಇಲ್ಲೇ ಮದುವೆಯಾಗಿ ಇಲ್ಲೇ ಉಳಿದರು. ಬುಡಾ ತುದಿಯ ಚೌಕಕ್ಕೆ ಅವರ ಹೆಸರೇ ಇದೆ.

ನನಗೆ ಹಿಡಿಸಿದ್ದು ಸುಂಕದ ಕಥೆ. ಅಲ್ಲಿಯವರೆಗೆ ಹಂಗೆರಿಯ ಕುಲೀನ ಮನೆತನದವರಿಗೆ ತೆರಿಗೆ ಇರಲಿಲ್ಲ, ಸುಂಕವೂ ಇರಲಿಲ್ಲ. ಎಲ್ಲ ಭಾರ ರೈತನ ಮೇಲೆ. ಸೆಚೇನಿ ತಾನೇ ಕೌಂಟ್ ಆಗಿದ್ದರೂ ಹಠ ಹಿಡಿದ. ಈ ಸೇತುವೆ ದಾಟುವವರು ದೊರೆಯಾಗಲಿ ಆಳಾಗಲಿ ಸುಂಕ ಕೊಡಲೇಬೇಕು ಅಂತ ಕಾನೂನಾಯಿತು. ಭಾವನಿಗೆ ಇದು ಗೊತ್ತಿರಲಿಲ್ಲ. ಸರಪಳಿಯನ್ನೇ ನೋಡುತ್ತಿದ್ದವರು ತಿರುಗಿ, ಇನ್ನೊಂದು ಸಲ ಹೇಳು ಅಂದರು. ಬುಡಾ, ಪೆಸ್ಟ್, ಓಬುಡಾ ಮೂರೂ ಸೇರಿ ಬುಡಾಪೆಸ್ಟ್ ಎಂಬ ಒಂದೇ ಊರಾದದ್ದು 1873ರಲ್ಲಿ. ಊರಿಗಿಂತ ಮೊದಲು ಸೇತುವೆ ಬಂತು.

1945ರ ಜನವರಿಯಲ್ಲಿ ಇದೂ ಬಿತ್ತು. ಕಲ್ಲಿನ ಕಮಾನುಗಳು ಮಾತ್ರ ಉಳಿದವು. ಮತ್ತೆ ಕಟ್ಟಿ ತೆರೆದದ್ದು 1949ರಲ್ಲಿ, ಮೊದಲ ಸಲ ತೆರೆದು ಸರಿಯಾಗಿ 100 ವರ್ಷಕ್ಕೆ. ಇತ್ತೀಚೆಗೆ ಮತ್ತೊಮ್ಮೆ ದುರಸ್ತಿ ಮಾಡಿ 2023ರಲ್ಲಿ ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ಈಗ ಖಾಸಗಿ ಕಾರುಗಳಿಗೆ ಪ್ರವೇಶ ಇಲ್ಲ. ಬಸ್, ಟ್ಯಾಕ್ಸಿ, ಸೈಕಲ್, ನಡೆಯುವವರು ಅಷ್ಟೇ. ಹೊಗೆ, ಹಾರ್ನ್ ಇಲ್ಲದೆ ನಿಂತು ನೋಡಬಹುದು. ನಾವು ನಡುವೆ ನಿಂತಿದ್ದಾಗಲೇ ದೀಪ ಹತ್ತಿತು.

ಕೆಳಗೆ ಪೆಸ್ಟ್ ದಡದಲ್ಲಿ ಉದ್ದನೆಯ ಹಡಗುಗಳು ನಿಂತಿದ್ದವು. ಒಂದರ ಪಕ್ಕ ಒಂದು, ಕೆಲವು ಕಡೆ ಮೂರು. ದಡಕ್ಕೆ ಹತ್ತಿರದ ಹಡಗಿನ ಒಳಗಿಂದಲೇ ನಡೆದು ಆಚೆಯ ಹಡಗಿಗೆ ಹೋಗಬೇಕಾಗುತ್ತದೆ. ಉದ್ದ 135 ಮೀಟರ್ ಇದ್ದರೂ ಅಗಲ ಹನ್ನೊಂದೂವರೆ ಮೀಟರಿಗಿಂತ ಜಾಸ್ತಿ ಯಾಕಿಲ್ಲ ಅಂತ ಭಾವ ವಿವರಿಸಿದರು. ಮೇಲೆ ಹೋಗುವಾಗ ಸಿಗುವ ಲಾಕ್‌ಗಳಲ್ಲಿ, ಅಂದರೆ ನೀರು ತುಂಬಿಸಿ ಇಳಿಸಿ ಹಡಗನ್ನು ಏರಿಸುವ ಬಾಗಿಲಿನ ತೊಟ್ಟಿಗಳಲ್ಲಿ, ಕಿರಿದಾದವು 12 ಮೀಟರ್ ಅಗಲ. 1992ರಲ್ಲಿ ತೆರೆದ ಕಾಲುವೆಯಲ್ಲಿ ಡ್ಯಾನ್ಯೂಬ್‌ನಿಂದ ರೈನ್ ನದಿಗೆ ದಾಟುವ ಹಡಗು ಅವುಗಳೊಳಗೆ ಹಿಡಿಯಬೇಕು. ಸೇತುವೆ ತಗ್ಗಾಗಿದ್ದರೆ ಚಾಲಕನ ಕೋಣೆಯೇ ಕೆಳಕ್ಕೆ ಇಳಿಯುತ್ತದೆ. ಮಳೆ ಹೆಚ್ಚಾಗಿ ನೀರು ಏರಿದರೆ ಅದೂ ಸಾಲದು, ಹಡಗು ಸೇತುವೆಯ ಕೆಳಗೆ ಹೋಗಲಾಗದೆ ನಿಲ್ಲುತ್ತದೆ. 2013ರಲ್ಲಿ ಇಲ್ಲಿ ನೀರಿನ ಮಟ್ಟ 891 ಸೆಂಟಿಮೀಟರ್ ಮುಟ್ಟಿ ದಾಖಲೆ ಆಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೂ ಕಷ್ಟವೇ. ಆಗ ಪ್ರಯಾಣಿಕರನ್ನು ಬಸ್ಸಿನಲ್ಲಿ ಮುಂದಿನ ಊರಿಗೆ ಕರೆದೊಯ್ಯುತ್ತಾರೆ. ಟಿಕೆಟ್ ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದಿರಬೇಕು.

ಉತ್ತರಕ್ಕೆ ದೂರದಲ್ಲಿ ಮಾರ್ಗರೆಟ್ ಸೇತುವೆಯ ದೀಪ ಕಾಣುತ್ತಿತ್ತು. 2019ರ ಮೇ 29ರ ರಾತ್ರಿ ಅದರ ಕೆಳಗೆ, ಮಳೆಯಲ್ಲಿ, ದೊಡ್ಡ ಹಡಗೊಂದು ಬಡಿದು ಕೊರಿಯಾದ ಪ್ರವಾಸಿಗರಿದ್ದ ಸಣ್ಣ ದೋಣಿ ಮುಳುಗಿತು. ಬದುಕಿ ಉಳಿದವರು ಏಳೇ ಜನ. ನಮ್ಮ ಹಾಗೆಯೇ ಊರು ನೋಡಲು ಬಂದವರು. ಆ ಸೇತುವೆಯ ಪೆಸ್ಟ್ ತುದಿಯ ಹತ್ತಿರ ಅವರಿಗೊಂದು ಸ್ಮಾರಕವಿದೆ. ನಾಳೆ ರಾತ್ರಿ ನಮ್ಮ ಹಡಗು ಹೋಗುವುದೂ ಅದರ ಕೆಳಗೇ.

ವಾಪಸ್ ಬರುವಾಗ 2ನೇ ನಂಬರ್ ಟ್ರಾಮ್ ಹತ್ತಿದೆವು. ಪೆಸ್ಟ್ ದಡವನ್ನೇ ಹಿಡಿದು ಹೋಗುವ ಟ್ರಾಮ್. ದಿನದ ಪಾಸಿನಲ್ಲೇ ನಡೆಯುತ್ತದೆ. ಮಾರುಕಟ್ಟೆಯ ಹತ್ತಿರ ಇಳಿದು, ಬ್ರೆಡ್ಡು, ಮೊಸರು, ಸ್ಟ್ರಾಬೆರಿ ಕೊಂಡು ರೂಮಿಗೆ ಹೋದೆವು. ಅಕ್ಕ ಮನೆಯಿಂದ ತಂದ ಚಟ್ನಿಪುಡಿ ಬಿಚ್ಚಿದಳು.

ಮಲಗುವ ಮುಂಚೆ ಹಡಗಿನ ಕಂಪನಿಯ ಸಂದೇಶ ಬಂತು. ಹಡಗು ನಿಲ್ಲುವ ಜಾಗ ಎಲಿಜಬೆತ್ ಸೇತುವೆಯ ಪಕ್ಕ, ಮೂರು ಗಂಟೆಯ ಮೇಲೆ ಬರಬಹುದು. ಈ ಜಾಗ ಕೊನೇ ಗಳಿಗೆಯಲ್ಲೂ ಬದಲಾಗುತ್ತದಂತೆ, ಟ್ಯಾಕ್ಸಿ ಹತ್ತುವ ಮುಂಚೆ ಮತ್ತೆ ನೋಡಬೇಕು. ಬೆಳಗ್ಗೆ ಏನು ಮಾಡುವುದು ಅಂತ ನಕ್ಷೆ ಹರಡಿಕೊಂಡು ಕೂತೆವು. ನಮ್ಮವರಿಗೆ 1896ರ ಹಳೇ ಮೆಟ್ರೊದಲ್ಲಿ ಹೋಗುವ ಆಸೆ. ಬ್ರಿಟನ್ ಬಿಟ್ಟರೆ ಯುರೋಪಿನಲ್ಲಿ ಮೊದಲು ಬಂದ ನೆಲದಡಿಯ ಮೆಟ್ರೊ ಅದು. ಅಕ್ಕನಿಗೆ ಬೆಟ್ಟದ ಮೇಲಿನ ಮಥಿಯಾಸ್ ಚರ್ಚ್ ನೋಡಬೇಕು. ಕೊನೆಗೆ ಎರಡೂ ಅಂತ ತೀರ್ಮಾನ ಆಯಿತು. ಮೊದಲು ಮೆಟ್ರೊ. ಆಮೇಲೆ ದೆಆಕ್ ಚೌಕದಿಂದ 16ನೇ ನಂಬರ್ ಬಸ್. ಅದು ಚೈನ್ ಬ್ರಿಜ್ ದಾಟಿಯೇ ಬೆಟ್ಟ ಹತ್ತುತ್ತದೆ ಅಂತ ಗೊತ್ತಾದ ಮೇಲೆ ಭಾವನೂ ಒಪ್ಪಿ ದೀಪ ಆರಿಸಿದರು.